ಹಗ್ಗವನ್ನು ಹಿಡಿಯುವವರು

ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಅವರ ಅಭಿರುಚಿಗಳಿಗೆ ತಾಯಿತಂದೆಗಳು ಎಷ್ಟರಮಟ್ಟಿಗೆ ಅಡ್ಡಬರಬಹುದೆಂಬುದು ಪ್ರತಿಯೊಂದು ಸಂಸಾರದಲ್ಲಿಯೂ ಏಳತಕ್ಕ ಪ್ರಶ್ನೆ. ನಮ್ಮ ಮನೆಯಲ್ಲಿ ಅದು ಬಂಡೆ ಹತ್ತುವ ವಿಷಯವಾಗಿ ಎದ್ದಿತು. 24 ವರ್ಷದ ನಮ್ಮ ಕಿರಿಯ ಮಗಳು ಮೂರು ವರ್ಷಗಳಿಂದ ಶಿಲಾರೋಹಣವನ್ನು ಅಭ್ಯಾಸಮಾಡುತ್ತಿರುವಳು. "ಮದುವೆಯ ವಯಸ್ಸಿನ ಹುಡುಗಿ ಕೈಕಾಲು ಮುರಿದುಕೊಂಡರೆ ಗತಿಯೇನು?" ಎಂಬುದು ನಮ್ಮ ಗೃಹಿಣಿಯ ನಿತ್ಯದ ಚಿಂತೆ. ಬಿಡಿಸುವುದಾದರೂ ಒಮ್ಮೆ ಕಣ್ಣಾರೆ ನೋಡಿ ಬಿಡಿಸುವುದು ನ್ಯಾಯವೆಂದು ನಾವು ಹೇಳಿದೆವು.

ಕಳೆದ ಮಾರ್ಗಶಿರದಲ್ಲಿ ಧಾರವಾಡದಿಂದ ವಿಜಯಪುರದ ಬಂಧುಗಳ ಮನೆಗೆ ಮೋಟಾರಿನಲ್ಲಿ ಹೊರಟಾಗ ಆ ಅವಕಾಶವೊದಗಿತು. ಮಗಳ ಗೆಳತಿಯೂ ಸಂಗಡ ಇದ್ದಳು. ನವಲಗುಂದ, ನರಗುಂದಗಳ ಎರೆಯ ಹೊಲಗಳಲ್ಲಿ ಜೋಳವು ಎದೆಯೆತ್ತರ ನಿಂತಿದ್ದಿತು. ಕುಳಗೇರಿಯ ಬಳಿ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿ ಬಾದಾಮಿಯನ್ನು ಸೇರಿದೆವು. ಅಲ್ಲಿ ಕೆಂಪು ಮರಳುಗಲ್ಲಿನ ಬಂಡೆಗಳು ಗೋಡೆಗಳಂತೆ ಎದ್ದುನಿಂತಿವೆ.

ಒಂದನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ದುರ್ಗಮವಾದ ಕೋಟೆಯನ್ನಾಗಿ ಮಾಡಿದನೆಂದು ಇಲ್ಲಿಯ ಬಂಡೆಯ ಮೇಲಿರುವ ಕ್ರಿ. ಶ. 543ರ ಸಂಸ್ಕೃತ ಶಾಸನವು ಸಾರುತ್ತದೆ. ಯಾರೂ ಹತ್ತಲಾರದಿರಲೆಂದು ಅರಸನು ಕೋಟೆ ಕಟ್ಟಿದ ಊರಿಗೆ, ಹತ್ತುವುದಕ್ಕೆಂದೇ ಈಗ ದೇಶಾಂತರಗಳಿಂದ ತರುಣರು ಬರುವರು! ಗುಹಾಲಯಗಳೂ ಶಾಸನಗಳೂ ಇರುವ ಬಂಡೆಗಳನ್ನು ಮುಟ್ಟತಕ್ಕದ್ದಲ್ಲ. ಹುಡುಗಿಯರು ಅವುಗಳಿಂದ ದೂರವಿದ್ದ ಬೇರೊಂದು ಬಂಡೆಗೆ ನಮ್ಮನ್ನು ಕರೆದೊಯ್ದರು.

ಕಲ್ಲಿನಲ್ಲಿ ಅಲ್ಲಲ್ಲಿ ಉಕ್ಕಿನ ಬಳೆಗಳನ್ನು ನಾಟಿದ್ದರು. ಮಗಳು ನಡುವಿಗೂ ತೊಡೆಗಳಿಗೂ ಪಟ್ಟಿ ಬಿಗಿದು, ಎಂಟರ ಅಂಕಿಯ ಆಕಾರದ ಗಂಟಿನಿಂದ ಹಗ್ಗವನ್ನು ಅದಕ್ಕೆ ಕಟ್ಟಿದಳು. ಒಬ್ಬರ ಸಿದ್ಧತೆಯನ್ನು ಇನ್ನೊಬ್ಬರು ಪರೀಕ್ಷಿಸದೆ ನೆಲ ಬಿಡಬಾರದೆಂಬುದು ಅವರ ನಿಯಮ. ಏರುವವಳು ಬಳೆಬಳೆಗೂ ಕೊಂಡಿ ಸಿಕ್ಕಿಸಿ ಹಗ್ಗವನ್ನು ಹಾಯಿಸುತ್ತ ಹೋದಂತೆ, ಕೆಳಗಿನವಳು ಅದನ್ನು ಸಡಿಲಿಸುತ್ತ ಹೋಗಬೇಕು. ಇದಕ್ಕೆ ಅವರು 'ಬಿಲೇ' ಎನ್ನುವರು. ಬಿಗಿಯಾಗಿ ಹಿಡಿದರೆ ಏರುವವಳ ಕೈ ತಪ್ಪುವುದು. ಅತಿಯಾಗಿ ಬಿಟ್ಟರೆ ಬಿದ್ದವಳು ನೆಲದವರೆಗೂ ಬಂದಾಳು.

ನಾಲ್ಕನೆಯ ಬಳೆಯನ್ನು ದಾಟಿದ ಮೇಲೆ ಮಗಳ ಕಾಲು ಜಾರಿತು. ಕೊಂಡಿಗಿಂತ 1 ಮೀಟರು ಮೇಲಿದ್ದವಳು ಬಿದ್ದರೆ ಅದರ ಇಮ್ಮಡಿಗೂ ಮಿಕ್ಕಿ ಕೆಳಗಿಳಿಯುವಳು. ಗೃಹಿಣಿ ಕಣ್ಣು ಮುಚ್ಚಿಕೊಂಡಳು. ಹಗ್ಗವು ತುಸು ಹಿಗ್ಗಿ ಅವಳನ್ನು ಗಾಳಿಯಲ್ಲಿ ನಿಲ್ಲಿಸಿತು.

"ಅವ್ವಾ, ಹೆದರಬೇಡ, ಹಿಡಿದಿದ್ದಾಳೆ!" ಎಂಬ ಕೂಗು ಕೇಳಿಬಂದಿತು. ಅಷ್ಟು ಹೊತ್ತೂ ಆ ಗೆಳತಿಯ ದೃಷ್ಟಿ ಮೇಲಿನಿಂದ ಕದಲಿರಲಿಲ್ಲ. ಮಗಳು ಪುನಃ ಏರಿ ತುದಿಯನ್ನು ಮುಟ್ಟಿಯೇ ಇಳಿದಳು.

ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದಾಗ ಮೊದಲ ರೊಟ್ಟಿಯು ಮಗಳಿಗೆ ಬೀಳಲಿಲ್ಲ. "ನೀನು ಮೊದಲು ಉಣ್ಣು ತಂಗೀ" ಎಂದು ಗೃಹಿಣಿ ಅದನ್ನು ಆ ಗೆಳತಿಯ ಕೈಗಿತ್ತಳು. ಬಹುಕಾಲ ಪಾಠಶಾಲೆಯಲ್ಲಿ ಕಳೆದ ನಮಗೆ ಇದು ಅತ್ಯಂತ ಉಚಿತವಾಗಿ ಕಂಡಿತು. ಏರಿದವರ ಹೆಸರನ್ನು ಲೋಕವು ಬರೆದಿಡುತ್ತದೆ. ಬೇಕಾದಷ್ಟೇ ಬಿಟ್ಟು, ಬೇಕಾದಾಗ ಹಿಡಿದವರನ್ನು ಯಾರು ಕೇಳುವರು? ತಾಯಿತಂದೆಗಳ ಕೆಲಸವೂ ಬಹುಮಟ್ಟಿಗೆ ಇದೇ ಅಲ್ಲವೆ?

ಆಮೇಲೆ ಬಿಡಿಸುವ ಮಾತು ಮನೆಯಲ್ಲಿ ಏಳಲಿಲ್ಲ. ಗೃಹಿಣಿಯ ಭಯವು ಹೋಗಿದೆಯೆಂದಲ್ಲ. ಮಗಳು ಹೊರಡುವಾಗಲೆಲ್ಲ ಅವಳು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುವಳು: ಹಗ್ಗ ಹಿಡಿಯುವವರು ಯಾರು? ಹಗ್ಗ ಸವೆದಿಲ್ಲವಷ್ಟೆ? ಕಳೆದ ತಿಂಗಳು ಹೊಸ ಹಗ್ಗಕ್ಕೆ ಹಣ ಕೊಟ್ಟವಳೂ ಅವಳೇ.