ಕಬ್ಬಿಣದ ಹಿಂದೆ ತೇಗ

ನಮ್ಮ ಮನೆ ಮಾತು ಉರ್ದು. ಅಬ್ಬಾ ಬಡಗಿ. ಈ ವರ್ಷ ಅವರಿಗೆ ಬಾಗಿಲಿನ ಕೆಲಸ ತೀರಾ ಕಡಿಮೆಯಾಗಿದೆ. ಮನೆ ಕಟ್ಟಿಸುವವರು ಅಂಗಡಿಯಿಂದ ರೆಡಿಮೇಡ್ ಸ್ಟೀಲ್ ಬಾಗಿಲು ತಂದು ಕೂರಿಸುತ್ತಿದ್ದಾರೆ.

ಅದೇ ಹೊತ್ತಿಗೆ ಲೆಕ್ಕಶಾಸ್ತ್ರದ ತರಗತಿಯಲ್ಲಿ ಸವಕಳಿ ಪಾಠ ನಡೆಯಿತು. ಯಂತ್ರ ಸವೆಯದಿದ್ದರೂ, ಹೊಸದೊಂದು ಬಂದರೆ ಹಳೆಯದರ ಬೆಲೆ ಬಿದ್ದುಹೋಗುತ್ತದೆ ಎಂದು ಮೇಡಂ ಹೇಳಿದರು. ಇದಕ್ಕೆ ಉದಾಹರಣೆ ಹುಡುಕಲು ಗ್ರಂಥಾಲಯಕ್ಕೆ ಹೋದಾಗ ನನಗೆ ಸಿಕ್ಕಿದ್ದು ಯುದ್ಧನೌಕೆಗಳ ಕಥೆ.

1862ರ ಮಾರ್ಚ್ 8. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಹ್ಯಾಂಪ್ಟನ್ ರೋಡ್ಸ್ ಎಂಬಲ್ಲಿ ಉತ್ತರದವರ ಮರದ ಯುದ್ಧನೌಕೆಗಳು ಲಂಗರು ಹಾಕಿದ್ದವು. ದಕ್ಷಿಣದವರು ಸುಟ್ಟುಹೋಗಿದ್ದ ಒಂದು ಹಡಗಿನ ತಳದ ಮೇಲೆ ಕಬ್ಬಿಣದ ಕವಚ ಹೊದಿಸಿ 'ವರ್ಜೀನಿಯಾ' ನೌಕೆಯನ್ನು ಕಟ್ಟಿದ್ದರು. ಎದುರಿನವರ ಗುಂಡುಗಳು ಅದಕ್ಕೆ ಬಡಿದು ಜಾರಿಹೋದವು. ಅದು 'ಕಂಬರ್‌ಲ್ಯಾಂಡ್' ಹಡಗನ್ನು ಗುದ್ದಿ ಮುಳುಗಿಸಿತು, 'ಕಾಂಗ್ರೆಸ್' ಹಡಗನ್ನು ಸುಟ್ಟಿತು. ಬೆಳಿಗ್ಗೆ ಆ ಮರದ ಹಡಗುಗಳಿಗಿದ್ದ ಬೆಲೆ ಸಂಜೆಗೆ ಇರಲಿಲ್ಲ. ಮರುದಿನ ಉತ್ತರದವರ ಕಬ್ಬಿಣದ ನೌಕೆ 'ಮಾನಿಟರ್' ಎದುರಾಯಿತು. ಅದರ ತಿರುಗುವ ಗೋಪುರದಲ್ಲಿ ಎರಡು ಫಿರಂಗಿಗಳಿದ್ದವು. ಗಂಟೆಗಟ್ಟಲೆ ಹೊಡೆದಾಡಿದರೂ ಒಂದು ಇನ್ನೊಂದನ್ನು ಮುಳುಗಿಸಲಾಗಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅಬ್ಬಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಹಾಗಾದರೆ ಮರದ ಕಾಲ ಮುಗಿಯಿತು ಅನ್ನು" ಎಂದರು. ಯಾಕಾದರೂ ಹೇಳಿದೆನೋ ಎನಿಸಿತು.

ಮರುದಿನ ಮತ್ತೆ ಗ್ರಂಥಾಲಯಕ್ಕೆ ಹೋದೆ. ಬ್ರಿಟನ್ 1860ರಲ್ಲಿ ನೀರಿಗಿಳಿಸಿದ 'ವಾರಿಯರ್' ನೌಕೆಯ ಬಗ್ಗೆ ಓದಿದೆ. ಅದರ ಕಬ್ಬಿಣದ ಕವಚದ ದಪ್ಪ ನಾಲ್ಕೂವರೆ ಅಂಗುಲ. ಅದರ ಹಿಂದೆ ಹದಿನೆಂಟು ಅಂಗುಲ ತೇಗ! ಗುಂಡಿನ ಪೆಟ್ಟನ್ನು ತಾಳಿಕೊಳ್ಳಲು ಬರಿಯ ಕಬ್ಬಿಣ ಸಾಲದು, ಬೆನ್ನಿಗೆ ಮರ ಬೇಕಿತ್ತು. 'ವರ್ಜೀನಿಯಾ'ದ ಕವಚದ ಹಿಂದೆಯೂ ದಪ್ಪನೆಯ ಮರವೇ ಇತ್ತು.

ಅಬ್ಬಾಗೆ ಹೇಳಿದೆ. ಅವರು ಟೇಪು ತೆಗೆದು ಹದಿನೆಂಟು ಅಂಗುಲ ಅಳೆದು ನೋಡಿ, "ಒಂದೂವರೆ ಅಡಿ ತೇಗ! ಅದನ್ನು ಕೂರಿಸಿದವನು ಒಳ್ಳೆಯ ಕೆಲಸಗಾರ" ಎಂದರು. ಬಹಳ ದಿನಗಳ ನಂತರ ನಕ್ಕರು. ಮುಂದೆ ಉಕ್ಕು ಬಂದು ಆ ಮರವೂ ಬೇಡವಾಯಿತು ಎಂಬುದನ್ನು ನಾನು ಹೇಳಲಿಲ್ಲ. ಅವರಿಗೆ ಅದು ಗೊತ್ತೇ ಇತ್ತೇನೋ.

ಯಾಕೆಂದರೆ ಕಳೆದ ವಾರದಿಂದ ಅಬ್ಬಾ ಸ್ಟೀಲ್ ಬಾಗಿಲು ಕೂರಿಸುವ ಕೆಲಸಕ್ಕೆ ಹೋಗುತ್ತಿದ್ದಾರೆ. ಗೋಡೆ ಸೊಟ್ಟಗಿದ್ದರೆ ಬಾಗಿಲನ್ನು ನೇರವಾಗಿ ನಿಲ್ಲಿಸುವುದು ಅವರಷ್ಟು ಚೆನ್ನಾಗಿ ಬೇರೆಯವರಿಗೆ ಬರುವುದಿಲ್ಲವಂತೆ. ಉಳಿ ಮತ್ತು ನಾವು ರಂದಾ ಎನ್ನುವ ಕೀಸುಳಿ ಇನ್ನೂ ಅವರ ಚೀಲದಲ್ಲೇ ಇವೆ. ಸವಕಳಿ ಲೆಕ್ಕದಲ್ಲಿ ಅವುಗಳ ಬೆಲೆ ಈಗ ಸೊನ್ನೆ. ಆದರೂ ಶುಕ್ರವಾರ ನಮಾಜಿನ ನಂತರ ಅಬ್ಬಾ ಅವುಗಳಿಗೆ ಎಣ್ಣೆ ಹಚ್ಚುತ್ತಾರೆ. ನಾನು ಪಕ್ಕದಲ್ಲಿ ಕುಳಿತು ಬಟ್ಟೆ ಕೊಡುತ್ತೇನೆ.