ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಂದು ಹೊತ್ತಿನ ಊಟಕ್ಕೆ ಬಂದ ನೆಂಟನಿಗೆ ಈ ಮಾತು ಸರಿಯೇ. ಎಲೆಯ ಮುಂದೆ ಕುಳಿತು, ಕತ್ತು ಮೇಲೆತ್ತಿ, ಮನೆಯವರ ಆಸ್ತಿಯ ಅಂದಾಜು ಹಾಕುವುದು ಲಕ್ಷಣವಲ್ಲ. ಆದರೆ ಹತ್ತು ವರ್ಷ ಅದೇ ಮನೆಯಲ್ಲಿ ದುಡಿದು ಉಂಡವನ ಕಣ್ಣಿಗೆ ಜಂತೆ ಬೀಳದೆ ಇರುತ್ತದೆಯೆ? ಬಿದ್ದ ಮೇಲೆ, ತಾನೂ ಇಂಥದೇ ಒಂದು ಮನೆ ಕಟ್ಟಬಹುದಲ್ಲ ಎಂದು ಅವನಿಗೆ ಅನ್ನಿಸಿದರೆ ಅದು ದ್ರೋಹವೆ?

ಈ ಪ್ರಶ್ನೆ ನನಗೆ ಹೊಸದಲ್ಲ. ನಾನು ಬೆಳೆದದ್ದೇ ಹೋಟೆಲಿನಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದು, ಬಯಲುಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಕಾಫಿ, ತಿಂಡಿಯ ಹೋಟೆಲು ಇಟ್ಟಿದ್ದರು. ಕೆಲಸಕ್ಕೆ ಊರ ಕಡೆಯಿಂದಲೇ ಹುಡುಗರು ಬರುತ್ತಿದ್ದರು. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ಸಪ್ಲೈ; ಕೈ ಚುರುಕಾಗಿದ್ದವನಿಗೆ ಅಡುಗೆಮನೆ, ಲೆಕ್ಕ ಬಲ್ಲವನಿಗೆ ಗಲ್ಲಾ. ಊಟ, ಮಲಗಲು ಜಾಗ, ವರ್ಷಕ್ಕೆ ಎರಡು ಜೊತೆ ಬಟ್ಟೆ. ಸಂಬಳ ಮಾತ್ರ ಹೆಸರಿಗೆ. ಅದರ ಮಾತು ಬಂದಾಗ ಧಣಿಗಳೆಲ್ಲ ಹೇಳುತ್ತಿದ್ದುದು ಒಂದೇ: “ಹುಡುಗ ಕೆಲಸ ಕಲೀತಾನಲ್ಲ!”

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಲಿಕೆಯೇ ಸಂಬಳದ ಒಂದು ಭಾಗ ಎಂದಾದರೆ, ಕಲಿತದ್ದು ಅವನ ಗಳಿಕೆ. ಗಳಿಸಿದ್ದನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಅವನ ಇಷ್ಟ. ರೂಪಾಯಿ ಕೊಟ್ಟು, ಇದನ್ನು ನನ್ನ ಅಂಗಡಿಯಲ್ಲೇ ಖರ್ಚು ಮಾಡು ಎಂದು ಯಾವ ಧಣಿಯೂ ಹೇಳುವಂತಿಲ್ಲ. ಕಲಿಸುತ್ತೇನೆಂಬ ನೆವದಲ್ಲಿ ಕಡಿಮೆ ಕೊಟ್ಟವನು, ಕಲಿತವನು ಹೊರಟಾಗ ಕೃತಘ್ನ ಎಂದು ಕೂಗುವುದೂ ಸಲ್ಲ.

ನಮ್ಮ ಹೋಟೆಲಿನಿಂದ ಹಾಗೆ ಇಬ್ಬರು ಹೋಗಿ ಅದೇ ಊರಿನಲ್ಲಿ ಸ್ವಂತ ಹೋಟೆಲು ತೆರೆದರು.

ಮೊದಲನೆಯವರು ದೋಸೆಯ ಭಟ್ಟರು. ಹನ್ನೊಂದು ವರ್ಷ ಕಾವಲಿಯ ಮುಂದೆ ನಿಂತವರು. ಒಂದು ರಾತ್ರಿ ಬಾಗಿಲು ಹಾಕಿದ ಮೇಲೆ ಬಂದು, “ಧಣಿ, ಬಸ್‌ಸ್ಟ್ಯಾಂಡಿನ ಹತ್ರ ಒಂದು ಮಳಿಗೆ ಬಾಡಿಗೆಗೆ ಸಿಕ್ಕಿದೆ. ದೀಪಾವಳಿ ಕಳೆದ ಮೇಲೆ ಹೋಗ್ತೇನೆ” ಎಂದರು. ಅಪ್ಪಯ್ಯನ ಮುಖ ಸಣ್ಣದಾಯಿತು. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ಭಟ್ಟರು ನಮ್ಮ ಮಾಣಿಯೊಬ್ಬನಿಗೆ ಹಿಟ್ಟಿನ ಹದ, ಕಾವಲಿಯ ಕಾವು ಎಲ್ಲ ಕಲಿಸಿ ಹೋದರು. ನಮ್ಮ ವ್ಯಾಪಾರ ಕಡಿಮೆಯಾಯಿತೆ ಎಂದರೆ, ಆಯಿತು. ಬೆಳಗಿನ ದೋಸೆಯ ಗಿರಾಕಿಗಳಲ್ಲಿ ಎಷ್ಟೋ ಜನ ಅತ್ತ ತಿರುಗಿದರು. ಅಪ್ಪಯ್ಯ ಗೊಣಗಿದರೂ ಭಟ್ಟರನ್ನು ಒಂದು ಕೆಟ್ಟ ಮಾತು ಆಡಲಿಲ್ಲ. ಅಮ್ಮ ಒಮ್ಮೆ ಆಡಲು ಹೊರಟಾಗ, “ನಾನು ಶಿವಮೊಗ್ಗೆಯಲ್ಲಿ ಯಾರ ಹತ್ರ ಕಲಿತು ಬಂದೆ?” ಎಂದು ಕೇಳಿ ಸುಮ್ಮನಾಗಿಸಿದರು.

ಎರಡನೆಯವನು ಗಲ್ಲಾದಲ್ಲಿ ಕೂರುತ್ತಿದ್ದವನು. ಕೋರ್ಟಿನ ಗುಮಾಸ್ತರು, ಹೈಸ್ಕೂಲಿನ ಮೇಷ್ಟರುಗಳು ನಮ್ಮಲ್ಲಿ ತಿಂಗಳ ಲೆಕ್ಕದಲ್ಲಿ ಊಟ ಮಾಡುತ್ತಿದ್ದರು. ಉದ್ರಿ ಪುಸ್ತಕ ಅವನ ಕೈಯಲ್ಲಿತ್ತು. ನಮ್ಮ ಗಲ್ಲಾದಲ್ಲಿ ಕುಳಿತುಕೊಂಡೇ ಅವನು ಒಬ್ಬೊಬ್ಬರಿಗೂ, “ಮುಂದಿನ ತಿಂಗಳಿಂದ ನಮ್ಮಲ್ಲಿಗೆ ಬನ್ನಿ ಸ್ವಾಮಿ, ಇಲ್ಲಿಗಿಂತ ಕಡಿಮೆ ಮಾಡಿಕೊಡ್ತೇನೆ” ಎಂದು ಹೇಳಿಟ್ಟಿದ್ದ. ಊರ ಜಾತ್ರೆಯ ಹಿಂದಿನ ದಿನ, ರುಬ್ಬುವವನನ್ನೂ ಇಬ್ಬರು ಸಪ್ಲೈಯರುಗಳನ್ನೂ ಕರೆದುಕೊಂಡು ಹೊರಟುಹೋದ. ಆ ಜಾತ್ರೆಯಲ್ಲಿ ನಾನೂ ನನ್ನ ತಂಗಿಯೂ ಶಾಲೆ ಬಿಟ್ಟು ಲೋಟ ತೊಳೆದೆವು.

ಲೆಕ್ಕ ಹಾಕಿದರೆ ನಮಗೆ ಹೆಚ್ಚು ನಷ್ಟವಾದದ್ದು ಭಟ್ಟರಿಂದ. ಅವರ ದೋಸೆ ಚೆನ್ನಾಗಿತ್ತು, ಹೋಟೆಲು ಬಹಳ ಕಾಲ ನಡೆಯಿತು. ಆದರೆ ಅಪ್ಪಯ್ಯನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದದ್ದು ಗಲ್ಲಾದವನ ನೋವು. ನಷ್ಟ ಎಷ್ಟಾಯಿತು ಎಂಬುದರಿಂದ ತಪ್ಪು ಎಷ್ಟು ಎಂದು ಅಳೆಯಲಾಗುವುದಿಲ್ಲ ಎಂದು ನಾನು ತಿಳಿದದ್ದು ಹೀಗೆ. ಭಟ್ಟರು ತಮ್ಮ ಕೈಯನ್ನು ಒಯ್ದರು. ಇವನು ನಮ್ಮ ಪುಸ್ತಕವನ್ನು ಒಯ್ದ.

ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ, ನ್ಯಾಯವಾದ ಕಸುಬನ್ನೋ ವ್ಯಾಪಾರವನ್ನೋ ಮಾಡದಂತೆ ಒಬ್ಬನನ್ನು ಕಟ್ಟಿಹಾಕುವ ಕರಾರು ಆ ಮಟ್ಟಿಗೆ ಅಸಿಂಧು. ವ್ಯಾಪಾರವನ್ನು ಅದರ ಹೆಸರು, ವರ್ಚಸ್ಸಿನ ಸಮೇತ ಮಾರಿದವನ ವಿಷಯದಲ್ಲಿ ಒಂದು ವಿನಾಯಿತಿ ಉಂಟು. ಹೀಗಾಗಿ, ಬಿಟ್ಟುಹೋದ ಮೇಲೆ ಇಷ್ಟು ವರ್ಷ ಇದೇ ವ್ಯಾಪಾರ ಮಾಡಕೂಡದು ಎಂದು ನೇಮಕದ ಪತ್ರದಲ್ಲಿ ಬರೆಸಿಕೊಂಡರೂ ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಕೆಲಸದಲ್ಲಿ ಇರುವಾಗಿನ ಮಾತು ಬೇರೆ. ಟೈರಿಗೆ ಬೇಕಾದ ನೂಲು ತಯಾರಿಸುವ ಕಾರ್ಖಾನೆಯ ನೌಕರನೊಬ್ಬ ಐದು ವರ್ಷದ ಕರಾರು ಮುಗಿಯುವ ಮುನ್ನವೇ ಬಿಟ್ಟು ಎದುರಾಳಿ ಕಂಪನಿ ಸೇರಿದಾಗ, ಆ ಅವಧಿಗೆ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟು 1967ರಲ್ಲಿ ಎತ್ತಿಹಿಡಿಯಿತು. ಕಾಯಿದೆಯ ಗೆರೆಗೂ ಅಪ್ಪಯ್ಯನ ಗೆರೆಗೂ ಬಹಳ ದೂರವಿಲ್ಲ.

ದೊಡ್ಡ ವ್ಯಾಪಾರದಲ್ಲೂ ಇದೇ ಕಥೆ. 1981ರಲ್ಲಿ ಪಟ್ನಿ ಕಂಪ್ಯೂಟರ್ಸ್ ಬಿಟ್ಟ ಏಳು ಮಂದಿ ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಇನ್ಫೋಸಿಸ್ ಕಟ್ಟಿದರು. ಮಾಡಿದ್ದು ಹಳೆಯ ಕಂಪನಿಯಲ್ಲಿ ಮಾಡುತ್ತಿದ್ದ ಬಗೆಯದೇ ಕೆಲಸ. ಅವರ ಮುಂದಾಳು ನಾರಾಯಣಮೂರ್ತಿಯವರು ಪಟ್ನಿಯಲ್ಲಿ ಹಿಡಿದ ಕೆಲಸ ಮುಗಿಸಲು ಉಳಿದದ್ದರಿಂದ, ತಾವೇ ಹುಟ್ಟಿಸಿದ ಕಂಪನಿಗೆ ನಾಲ್ಕನೆಯ ನೌಕರರಾಗಿ ಸೇರಿದರು ಎಂದು ಹೇಳುವುದುಂಟು. ಇದನ್ನು ಓದಿದಾಗ ನನಗೆ ದೀಪಾವಳಿಯವರೆಗೆ ನಿಂತ ನಮ್ಮ ಭಟ್ಟರ ನೆನಪಾಯಿತು.

ಈಚೆಗೆ ನನ್ನ ತಂಗಿಯ ಮಗ ಇದೇ ಪ್ರಶ್ನೆ ಹಿಡಿದು ಬಂದ. ಬೆಂಗಳೂರಿನಲ್ಲಿ, ಔಷಧದ ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ಅವನಿಗೆ ಕೆಲಸ. ಸ್ವಂತ ಶುರು ಮಾಡುವ ಆಸೆ. “ಮಾವ, ಇಬ್ಬರು ಗಿರಾಕಿಗಳು ತಾವಾಗಿಯೇ ಕೇಳ್ತಿದ್ದಾರೆ, ನೀನೇ ಮಾಡಿಕೊಡು ಅಂತ. ನಾನು ಕರೀಲಿಲ್ಲ. ತಪ್ಪೇನು?” ಎಂದ.

ಕೇಳಿದ್ದು ತಪ್ಪಲ್ಲ, ಇವತ್ತು ಹೂಂ ಅನ್ನುವುದು ತಪ್ಪು ಎಂದೆ. ಅವರು ಕೇಳುತ್ತಿರುವುದು ಕಂಪನಿಯ ಕುರ್ಚಿಯಲ್ಲಿ ಕುಳಿತ ನಿನ್ನನ್ನು. ಬಿಟ್ಟ ಮೇಲೆ ಬಂದರೆ ಅದು ಅವರ ಇಷ್ಟ. ಕಂಪನಿಯ ಯಂತ್ರದಲ್ಲಿ, ಕಂಪನಿಯ ಹೊತ್ತಿನಲ್ಲಿ ನಿನ್ನದಕ್ಕಾಗಿ ಒಂದು ಸಾಲೂ ಬರೆಯಬೇಡ. ಗಿರಾಕಿಗಳ ಪಟ್ಟಿ ಒಯ್ಯಬೇಡ.

“ಹಾಗಾದರೆ ಧಣಿಗೆ ಈಗಲೇ ಹೇಳಲೆ? ಹೇಳಿದರೆ ನಾಳೆಯೇ ಹೊರಗೆ ಹಾಕ್ತಾರೆ. ಮನೆ ಸಾಲ ಇದೆ, ಮಗು ಸಣ್ಣದು.”

ಇದಕ್ಕೆ ನಾನು ಒತ್ತಾಯಿಸಲಿಲ್ಲ. ಮನಸ್ಸಿನಲ್ಲಿ ಮೂಡಿದ ಆಸೆಯನ್ನೆಲ್ಲ ಧಣಿಯ ಮುಂದೆ ಒಪ್ಪಿಸಬೇಕಾಗಿಲ್ಲ. ಭಟ್ಟರೂ ಹೇಳಿದ್ದು ಮಳಿಗೆ ಸಿಕ್ಕಿದ ಮೇಲೆ. ಎಷ್ಟು ವರ್ಷದಿಂದ ಯೋಚಿಸುತ್ತಿದ್ದರೋ ಯಾರು ಬಲ್ಲರು! ಆದರೆ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡ, ಹಿಡಿದ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸದೆ ಹೊರಡಬೇಡ ಎಂದೆ.

ಅವನು ಗಿರಾಕಿಗಳಿಬ್ಬರಿಗೂ ಸದ್ಯ ಈ ಮಾತು ಬೇಡ ಎಂದ. ಮೂರು ತಿಂಗಳ ನೋಟಿಸು ಕೊಟ್ಟು, ತನ್ನ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿ ಹೊರಬಂದ. ಅಷ್ಟರಲ್ಲಿ ಒಬ್ಬ ಗಿರಾಕಿ ಕಾಯದೆ ಬೇರೆ ಯಾರಿಂದಲೋ ಮಾಡಿಸಿಕೊಂಡಿದ್ದರು. ಪೆಚ್ಚುಮೋರೆ ಹಾಕಿಕೊಂಡು ಬಂದು ಹೇಳಿದ. ಹೊಸ ವ್ಯಾಪಾರದ ಲೆಕ್ಕದ ಪುಸ್ತಕದಲ್ಲಿ ಮೊದಲ ಖರ್ಚು ಎಂದು ಅದನ್ನೇ ಬರೆದುಕೋ ಎಂದೆ.