ಪರದೇಶಕ್ಕೆ ಬಂದ ತಂಗಿ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಸಮುದ್ರದಾಚೆಯ ದೇಶಗಳಲ್ಲಿ ವಾಸವಾಗಿರುವರು. ಅಕ್ಕನೋ ತಮ್ಮನೋ ತಮ್ಮನ್ನು ನೋಡಲು ಬರುವರೆಂಬ ಸಂತೋಷದ ವರ್ತಮಾನವನ್ನು ಅವರು ಆಗಾಗ್ಗೆ ನಮಗೆ ಬರೆಯುವುದುಂಟು. ಅಂಥ ಪತ್ರ ಬಂದಾಗಲೆಲ್ಲಾ ನಮ್ಮ ಸ್ವಂತ ಅನುಭವವೊಂದು ನೆನಪಾಗುತ್ತದೆ. ಅದು ನಮಗೆ ಕೀರ್ತಿ ತರುವಂಥದಲ್ಲ. ಆದಾಗ್ಯೂ ಯಾರಿಗಾದರೂ ಪ್ರಯೋಜನವಾದೀತೆಂದು ಇಲ್ಲಿ ಅರಿಕೆ ಮಾಡುತ್ತೇವೆ.

2011ನೆಯ ಇಸವಿಯಲ್ಲಿ ನಾವು ವ್ಯಾಸಂಗದ ನಿಮಿತ್ತ ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದ್ದೆವು. 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳುಹಿಸಿದ ಪಟ್ಟಣವು ಇದೇ ಎಂಬುದು ವಾಚಕರಿಗೆ ತಿಳಿದ ಸಂಗತಿ. ನಮ್ಮ ವಾಸಕ್ಕೆ ಒಂದೇ ಕೋಣೆ, ಮಾತಿಗೆ ಜೊತೆಯಿಲ್ಲ, ರಾತ್ರಿಯ ಊಟಕ್ಕೆ ಬಹುಮಟ್ಟಿಗೆ ರೊಟ್ಟಿ. ಆದರೆ ಮನೆಯವರೊಡನೆ ದೂರವಾಣಿಯಲ್ಲಿ ಮಾತಾಡುವಾಗ, "ಎಲ್ಲವೂ ಕ್ಷೇಮ, ಯಾವ ಕೊರತೆಯೂ ಇಲ್ಲ" ಎಂದೇ ಹೇಳುತ್ತಿದ್ದೆವು. ನಮ್ಮ ತಂಗಿಯು ತನ್ನ ಉದ್ಯೋಗವನ್ನು ಬಿಟ್ಟು ತಾಯಿಯವರ ಆರೈಕೆಗೆ ನಿಂತದ್ದರಿಂದಲೇ ನಾವು ಊರು ಬಿಡಲು ಸಾಧ್ಯವಾಗಿತ್ತು. ಆ ಋಣವನ್ನು ಕೊಂಚವಾದರೂ ತೀರಿಸಬೇಕೆಂದು ಹಣ ಉಳಿಸಿ ವಿಮಾನದ ಟಿಕೆಟ್ಟು ಕಳುಹಿಸಿದೆವು. ತಾಯಿಯವರನ್ನು ಚಿಕ್ಕಮ್ಮನ ವಶಕ್ಕೆ ಒಪ್ಪಿಸಿ ಅವಳು ಮೂರು ವಾರದ ಮಟ್ಟಿಗೆ ಬಂದಳು.

ದಿನಕ್ಕೆ ಇಂತಿಷ್ಟು ಸ್ಥಳಗಳೆಂದು ನಾವು ಮೊದಲೇ ಪಟ್ಟಿ ಬರೆದಿಟ್ಟಿದ್ದೆವು. ಕೆಂಪು ಮರಳುಗಲ್ಲಿನ ಮಹಾ ದೇವಾಲಯ, ಅದರೊಳಗೆ ಎರಾಸ್ಮುಸ್ ಪಂಡಿತನ ಸಮಾಧಿ, 1460ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ, ಇವೆಲ್ಲವನ್ನೂ ಓಡಾಡಿಸಿ ತೋರಿಸಿದೆವು. ಅವಳು ಊರಿನಿಂದ ಕುಚ್ಚಲಕ್ಕಿಯನ್ನೂ ಮಾವಿನಮಿಡಿಯ ಉಪ್ಪಿನಕಾಯಿಯನ್ನೂ ಹೊತ್ತು ತಂದಿದ್ದಳು. "ಅಕ್ಕ, ಒಂದು ದಿನ ಗಂಜಿ ಬೇಯಿಸಿ ಇಬ್ಬರೂ ಕೂತು ಉಣ್ಣೋಣ" ಎಂದರೆ, ಹೊತ್ತಾಯಿತೆಂದು ಅವಸರಪಡಿಸುತ್ತಿದ್ದೆವು.

ನಾವಿದ್ದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಕೋಣೆಯು ಎಲ್ಲ ಬಿಡಾರದವರಿಗೂ ಒಂದೇ. ಒಬ್ಬೊಬ್ಬರಿಗೆ ಒಂದೊಂದು ದಿನ. ಭಾನುವಾರ ಯಾರೂ ಒಗೆಯಕೂಡದು. ಇದನ್ನರಿಯದ ತಂಗಿಯು ನಮಗೆ ನೆರವಾಗಬೇಕೆಂದು ಒಂದು ಭಾನುವಾರ ನಮ್ಮ ಬಟ್ಟೆಗಳನ್ನೆಲ್ಲಾ ಒಗೆಯಲು ತೊಡಗಿದಳು. ನೆರೆಯವರು ಬಂದು ಆಕ್ಷೇಪಿಸಿದರು. ಅವರ ಮುಂದೆಯೇ ನಾವು, ಇವಳಿಂದ ನಮ್ಮ ಮಾನ ಹೋಯಿತೆಂದು ಗದರಿಸಿದೆವು. ಅವಳು ಮರುಮಾತಾಡದೆ ಒದ್ದೆ ಬಟ್ಟೆಗಳನ್ನು ಹಿಂಡಿ ಕೋಣೆಯಲ್ಲಿ ಹರವಿದಳು. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ. ಆದರೂ ಇಬ್ಬರೂ ಮಾತಾಡಲಿಲ್ಲ.

ಮರುದಿನ ಪಟ್ಟಿಯಂತೆ, 1860ರಲ್ಲಿ ಕಟ್ಟಿದ ಮಿಷನ್ ಮನೆಗೆ ಹೋದೆವು. ಹಿಂದಿನ ಕಾಲದಲ್ಲಿ ನಮ್ಮ ನಾಡಿನಲ್ಲಿ ಸೇವೆ ಮಾಡುತ್ತಿದ್ದ ಮಿಷನರಿಗಳು ತಮ್ಮ ಮಕ್ಕಳನ್ನು ಎಳೆಯ ಪ್ರಾಯದಲ್ಲೇ ಬಾಸೆಲಿಗೆ ಕಳುಹಿಸಿಬಿಡುತ್ತಿದ್ದರು. ಅವರು ವರ್ಷಗಟ್ಟಲೆ ತಂದೆತಾಯಿಗಳ ಮುಖ ಕಾಣದೆ ಬೆಳೆಯುತ್ತಿದ್ದರು. ನಾವು ಇದನ್ನು ವಿವರಿಸುತ್ತಿರಲು ತಂಗಿಯು ಮೆಲ್ಲನೆ, "ಆ ಮಕ್ಕಳೂ ಕಾಗದದಲ್ಲಿ ಎಲ್ಲವೂ ಕ್ಷೇಮವೆಂದೇ ಬರೆದಿರಬೇಕು, ಅಲ್ಲವೇ ಅಕ್ಕ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಹಿಂದಿರುಗುವಾಗ ರೈನ್ ನದಿಯ ದೋಣಿಯನ್ನೇರಿದೆವು. ಅದಕ್ಕೆ ಹುಟ್ಟೂ ಇಲ್ಲ, ಯಂತ್ರವೂ ಇಲ್ಲ. ನದಿಗೆ ಅಡ್ಡಲಾಗಿ ಮೇಲೆ ಬಿಗಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಕಟ್ಟಿರುವರು. ಅಂಬಿಗನು ಅದನ್ನು ಓರೆಯಾಗಿ ತಿರುಗಿಸಿದೊಡನೆ ಪ್ರವಾಹವೇ ಆಚೆಯ ದಡಕ್ಕೆ ನೂಕುತ್ತದೆ. ನಡುಹೊಳೆಯಲ್ಲಿ ತಂಗಿಯು, "ನಾನು ಊರು ನೋಡಲು ಬಂದವಳಲ್ಲ. ನೀನು ಹೇಗಿದ್ದೀ ಎಂದು ಕಣ್ಣಾರೆ ನೋಡಿ ಬಾ ಎಂದು ಅಮ್ಮ ಕಳುಹಿಸಿದರು. ಅವರಿಗೆ ಏನು ಹೇಳಲಿ?" ಎಂದಳು. ನಮಗೆ ದುಃಖ ತಡೆಯದಾಯಿತು. ಒಂಟಿತನವನ್ನೂ, ಅರ್ಧಕ್ಕೇ ಬಿಟ್ಟುಬಿಡೋಣವೆಂದು ಅತ್ತ ರಾತ್ರಿಗಳನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, ಭಾನುವಾರದ ಮಾತಿಗಾಗಿ ಕ್ಷಮೆ ಬೇಡಿದೆವು. ಆಗ ಅವಳೂ ಒಂದು ಸಂಗತಿ ತಿಳಿಸಿದಳು. ಹಿಂದಿನ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಜಾರಿಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದಿದ್ದರು; ನಮಗೆ ತಿಳಿಸಕೂಡದೆಂದು ಕಟ್ಟುನಿಟ್ಟು ಮಾಡಿದ್ದರು. ಅತ್ತ ಅವರು, ಇತ್ತ ನಾವು, ಒಬ್ಬರಿಗೊಬ್ಬರು ಕ್ಷೇಮಸಮಾಚಾರವನ್ನೇ ಕಳುಹಿಸುತ್ತಿದ್ದೆವು!

ಉಳಿದ ದಿನಗಳಲ್ಲಿ ಪಟ್ಟಿಯು ಮೇಜಿನ ಮೇಲೆಯೇ ಉಳಿಯಿತು. ಗಂಜಿ ಬೆಂದಿತು, ಮಾತು ಮುಗಿಯಲಿಲ್ಲ. ಅವಳು ಮರಳಿದ ಮೇಲೆ ನಮ್ಮ ಕೋಣೆ ಮೊದಲಿಗಿಂತಲೂ ಬರಿದಾಗಿ ಕಂಡಿತು ನಿಜ. ಆದರೆ ತಾಯಿಯವರೊಡನೆ ಅಂದಿನಿಂದ ಆಡಿದ ಮಾತುಗಳು ಸತ್ಯವಾದವುಗಳಾಗಿದ್ದವು. ಆ ವರ್ಷದ ಕ್ರಿಸ್ಮಸ್ಸಿಗೆ ಉಳಿತಾಯವನ್ನೆಲ್ಲಾ ಕೂಡಿಸಿ ಊರಿಗೆ ಹೋಗಿ ಬಂದೆವು.

ಬೇಥಾನ್ಯದ ಅಕ್ಕತಂಗಿಯರ ಕಥೆಯನ್ನು ನಮ್ಮ ವಿದ್ಯಾರ್ಥಿನಿಯರು ಭಾನುವಾರದ ಶಾಲೆಯಲ್ಲಿ ಕಲಿತಿರುವರು. ಮಾರ್ಥಳು ಅತಿಥಿಗೆ ಕಡಿಮೆಯಾಗಬಾರದೆಂದು ದುಡಿದಳು. ಹತ್ತಿರ ಕೂತದ್ದು ಮರಿಯಳು. ನಾವು ಆ ಕಥೆಯನ್ನು ಎಷ್ಟೋ ಸಾರಿ ಕಲಿಸಿದ್ದೆವು. ಆದರೂ ಮನೆಬಾಗಿಲಿಗೆ ಬಂದ ತಂಗಿಯ ಮುಂದೆ ಮಾರ್ಥಳೇ ಆದೆವು. ಪರದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳೇ, ಒಡಹುಟ್ಟಿದವರು ಬಂದಾಗ ಊರನ್ನು ತೋರಿಸಿರಿ. ಆದರೆ ನೀವು ಇರುವ ಹಾಗೆಯೇ ನಿಮ್ಮನ್ನು ಮೊದಲು ತೋರಿಸಿರಿ. ಅವರು ಅಷ್ಟು ದೂರ ಬರುವುದು ಅದಕ್ಕಾಗಿಯೇ.